ನೀರಾಟಕ್ಕೊಂದು ದತ್ತಿ: ರಾಯಚೂರು, ದೇವದುರ್ಗ, ಮಾನ್ವಿಯ ಮಕ್ಕಳ ಲೆಕ್ಕ

ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ದತ್ತಿ ಇಡುವ ಕ್ರಮ ಎಲ್ಲರಿಗೂ ಗೊತ್ತಿರುವಂಥದ್ದು. ತೀರಿಕೊಂಡ ತಂದೆಯ ನೆನಪಿಗೆ ಮಗಳು, ಗುರುವಿನ ಹೆಸರಿನಲ್ಲಿ ಶಿಷ್ಯರು, ನಿವೃತ್ತಿಯ ವರ್ಷ ಒಬ್ಬ ಮಾಸ್ತರರು ಒಂದಿಷ್ಟು ಹಣ ತಂದು ಪರಿಷತ್ತಿಗೆ ಒಪ್ಪಿಸುತ್ತಾರೆ. ಅಸಲು ಬ್ಯಾಂಕಿನಲ್ಲಿ ಉಳಿಯುತ್ತದೆ. ಬಡ್ಡಿಯ ಹಣದಲ್ಲಿ ವರ್ಷಕ್ಕೊಮ್ಮೆ ಯಾವುದೋ ಊರಿನ ಶಾಲೆಯಲ್ಲೋ ಕಾಲೇಜಿನಲ್ಲೋ ಒಂದು ಉಪನ್ಯಾಸ ನಡೆಯುತ್ತದೆ. ಮೊತ್ತ ಚಿಕ್ಕದು, ಆದರೆ ಮುಂದಿನ ವರ್ಷವೂ ಬರುತ್ತದೆ, ಅದರ ಮುಂದಿನ ವರ್ಷವೂ ಬರುತ್ತದೆ.

ಹಿಂದೆ ನೀರಿಗೂ ಇಂಥದೇ ಏರ್ಪಾಡು ಇತ್ತು. ಕರ್ನಾಟಕದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ದತ್ತಿಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವನಿಗೆ ಭೂಮಿ ಕೊಟ್ಟಿದ್ದಾರೆ, ಕೆರೆಯನ್ನು ನೋಡಿಕೊಳ್ಳುವವನಿಗೂ ಕೊಟ್ಟಿದ್ದಾರೆ. ಹೂಳು ಹೊರುವ ಬಂಡಿಗೆ, ಅದನ್ನು ಎಳೆಯುವ ಜಾನುವಾರಿನ ಮೇವಿಗೆ ಬೆಳೆಯ ಒಂದು ಪಾಲನ್ನು ಬರೆದಿಟ್ಟಿದ್ದಾರೆ. ಕೆರೆಯನ್ನು ಒಮ್ಮೆ ಕಟ್ಟಿದರೆ ಸಾಕು, ಕಾಯುವುದು ಮಾತ್ರ ಪ್ರತಿ ವರ್ಷದ ಕೆಲಸ ಎಂಬ ತಿಳಿವಳಿಕೆ ಆ ಕಲ್ಲುಗಳಲ್ಲಿದೆ.

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ಮಕ್ಕಳು ಭಯವಿಲ್ಲದೆ ನೀರಿಗಿಳಿದು ಆಡುವ, ಈಜು ಕಲಿಯುವ ಜಾಗಗಳಿಗೆ ಅಂಥದೊಂದು ದತ್ತಿ ಬೇಕು ಎಂಬುದು ಈ ಉಪನ್ಯಾಸದ ವಾದ. ಕೋಟಿಗಟ್ಟಲೆಯ ಯೋಜನೆ ಬೇಕಿಲ್ಲ. ಊರಿನ ಯುವಕ ಸಂಘಕ್ಕೆ, ಮಹಿಳಾ ಸಂಘಕ್ಕೆ, ಶಾಲೆಯ ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ವರ್ಷ ವರ್ಷವೂ ತಪ್ಪದೆ ಸಿಗುವ ಸಣ್ಣ ನೆರವು ಸಾಕು. ಆ ನೆರವು ಕಾಂಕ್ರೀಟಿಗಿಂತ ಮೊದಲು, ದಡದಲ್ಲಿ ನಿಂತು ಕಾಯುವ ಮನುಷ್ಯನಿಗೆ ಸಲ್ಲಬೇಕು.

ಈ ಸೀಮೆಯಲ್ಲಿ ನೀರಿನ ಮಾತು ಎತ್ತಿದರೆ ಮೊದಲು ನೆನಪಾಗುವುದು ಬರ. ಆದರೆ ನಕ್ಷೆ ಬೇರೆಯದನ್ನು ತೋರಿಸುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ಎಡೆದೊರೆ ನಾಡು. ದೇವದುರ್ಗ ತಾಲ್ಲೂಕಿನ ಗೂಗಲ್, ಕೊಪ್ಪರ ಕೃಷ್ಣೆಯ ದಂಡೆಯ ಕ್ಷೇತ್ರಗಳು. ಮಾನ್ವಿ ಸೀಮೆಯ ಚೀಕಲಪರ್ವಿ ವಿಜಯದಾಸರ ಊರು, ಅದು ತುಂಗಭದ್ರೆಯ ದಂಡೆಯಲ್ಲಿದೆ. ರಾಯಚೂರು ತಾಲ್ಲೂಕಿನ ಬಿಚ್ಚಾಲಿಯಲ್ಲೂ ಅದೇ ನದಿ. ಮಾನ್ವಿ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯದು. ರಾಜೋಳಿಬಂಡಾದಲ್ಲಿ ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಶುರುವಾದ ಅಣೆಕಟ್ಟೆ ಇದೆ. ಹೊಲಗಳಲ್ಲಿ ಕೃಷಿ ಹೊಂಡಗಳಿವೆ. ಊರೊಳಗೆ ಹಳೆಯ ಮೆಟ್ಟಿಲ ಬಾವಿಗಳಿವೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಾಡಿನಲ್ಲಿ ಹತ್ತು ವರ್ಷದ ಹುಡುಗ ಇವುಗಳಲ್ಲಿ ಯಾವುದಕ್ಕೂ ಇಳಿಯಬಾರದು ಎಂದು ಹೇಳುವುದು ಸುಲಭ, ತಡೆಯುವುದು ಆಗದ ಮಾತು. ‘ಏ ತಮ್ಮಾ, ಮಡುವಿನ ಕಡಿ ಹೋಗಬ್ಯಾಡ’ ಎಂದು ತಾಯಿ ಕೂಗುವ ಹೊತ್ತಿಗೆ ಅವನ ಅಂಗಿ ಆಗಲೇ ದಂಡೆಯ ಮೇಲಿರುತ್ತದೆ.

ಯಾವ ನೀರಿಗೆ ಯಾವ ಅಪಾಯ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು. ನೆರವಿನ ಹಣ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ವ್ಯರ್ಥವಾಗುತ್ತದೆ ಎಂಬುದು ಅದರಿಂದಲೇ ತಿಳಿಯುತ್ತದೆ.

ನದಿಯಿಂದ ಶುರು ಮಾಡಿದರೆ, ಕೃಷ್ಣೆಯ ಈ ಭಾಗದಲ್ಲಿ ಮೊಸಳೆಗಳಿವೆ. ಮರಳು ತೆಗೆದ ಕಡೆ ನದಿಯ ತಳ ಸಮನಾಗಿ ಉಳಿದಿಲ್ಲ. ಹೋದ ವರ್ಷ ಮೊಳಕಾಲುದ್ದ ಇದ್ದ ನೀರು ಈ ವರ್ಷ ಆಳು ಮುಳುಗುವಷ್ಟಾಗಿರುತ್ತದೆ, ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ನಾರಾಯಣಪುರದ ಬಸವಸಾಗರದಲ್ಲಿ ಗೇಟು ಎತ್ತಿದರೆ ಕೆಳಗಿನ ಊರುಗಳಲ್ಲಿ ಮಳೆಯೇ ಇಲ್ಲದೆ ಹೊಳೆ ಏರುತ್ತದೆ. ನದಿಯನ್ನು ಬಲ್ಲ ಅಂಬಿಗರೂ ಇಂಥ ಹೊತ್ತಿನಲ್ಲಿ ಪುಟ್ಟಿ (ಹರಿಗೋಲು) ಇಳಿಸಲು ಹಿಂದೆಮುಂದೆ ನೋಡುತ್ತಾರೆ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕುಲಾ ನಡುಗಡ್ಡೆಯ ಜನ ದಿನಸಿ ತರಲು ತೆಪ್ಪದಲ್ಲಿ ಹೊರಟಿದ್ದಾಗ ಅದು ಮಗುಚಿ ಸಾವುಗಳಾದವು. ಅವರದು ಮೋಜಿನ ಪಯಣವಾಗಿರಲಿಲ್ಲ, ಸಂತೆಯ ಪಯಣ. ಆದರೂ ಒಬ್ಬೊಬ್ಬರ ಮೈಮೇಲೆ ಒಂದೊಂದು ಲೈಫ್ ಜಾಕೆಟ್ ಇದ್ದಿದ್ದರೆ ಎಂಬ ಪ್ರಶ್ನೆ ಇಂದಿಗೂ ಉಳಿದಿದೆ.

ಕಾಲುವೆಯ ಅಪಾಯ ಬೇರೆ. ಅದು ಶಾಂತವಾಗಿ ಕಾಣುತ್ತದೆ. ಸಿಮೆಂಟು ಹಾಸಿದ ಇಳಿಜಾರು ದಂಡೆಯಲ್ಲಿ ಪಾಚಿ ಕಟ್ಟಿರುತ್ತದೆ. ಇಳಿಯುವುದು ಕ್ಷಣದ ಕೆಲಸ, ಹತ್ತಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ಸೆಳವು ಒಂದೇ ಸಮನೆ ಎಳೆಯುತ್ತದೆ. ಈಜು ಬಲ್ಲವನೂ ದಣಿಯುತ್ತಾನೆ. ಕೃಷಿ ಹೊಂಡದಲ್ಲಿ ಸೆಳವಿಲ್ಲ, ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದ ಮೇಲೆ ಪಾದ ನಿಲ್ಲಿಸುವುದಿಲ್ಲ. ಇದನ್ನು ಕಂಡೇ ರಾಜ್ಯದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನ ಸೇರಿತು. ಹೊಂಡ ಆಟದ ಜಾಗ ಆಗಲಾರದು. ಅದಕ್ಕೆ ಬೇಲಿಯೇ ಸರಿ, ಜೊತೆಗೆ ಒಂದು ಹಗ್ಗ ಮತ್ತು ಹಳೆಯ ಟ್ಯೂಬು.

ಉಳಿದದ್ದು ಬಾವಿ, ಪುಷ್ಕರಣಿ ಮತ್ತು ಸಣ್ಣ ಕೆರೆ. ಇಲ್ಲಿ ತಳ ಎಷ್ಟು ಆಳ ಎಂದು ಅಳೆಯಬಹುದು. ಸೆಳವಿಲ್ಲ, ಮೊಸಳೆ ಇಲ್ಲ, ಮೆಟ್ಟಿಲು ಆಗಲೇ ಇವೆ. ಉತ್ತರ ಕರ್ನಾಟಕದ ಹಳೆಯ ತಲೆಮಾರು ಈಸು ಕಲಿತದ್ದೇ ಇಂಥ ಬಾವಿಗಳಲ್ಲಿ. ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಕತ್ತಾಳೆಯ ಬೆಂಡನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿ, ನಡುವಿಗೆ ಹಗ್ಗ ಹಾಕಿ, ಹಗ್ಗದ ತುದಿಯನ್ನು ಅಣ್ಣನೋ ಕಾಕಾನೋ ಹಿಡಿದು ನಿಲ್ಲುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ತೆರೆದ ಬಾವಿಗಳು ಬತ್ತಿದವು, ಇಲ್ಲವೇ ಕಸದ ಗುಂಡಿಗಳಾದವು. ಹಗ್ಗ ಹಿಡಿಯುವ ಕಾಕಾ ಬೆಂಗಳೂರಿಗೆ ದುಡಿಯಲು ಹೋದ. ನೀರಿನ ಆಸೆ ಮಾತ್ರ ಮಕ್ಕಳಲ್ಲಿ ಹಾಗೆಯೇ ಇದೆ. ಕಲಿಸುವ ಏರ್ಪಾಡು ತಪ್ಪಿಹೋಗಿದ್ದರಿಂದ ಆ ಆಸೆ ಅವರನ್ನು ಕಾಲುವೆಗೂ ಮರಳು ಗುಂಡಿಗೂ ಕರೆದೊಯ್ಯುತ್ತಿದೆ.

ಎಣಿಕೆ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಭಾರತದಲ್ಲಿ ಪೊಲೀಸ್ ದಾಖಲೆಗೆ ಬಂದವೇ ವರ್ಷಕ್ಕೆ ಸುಮಾರು 38,000. ಕೇಂದ್ರ ಆರೋಗ್ಯ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಇದಕ್ಕಾಗಿಯೇ ಒಂದು ಕಾರ್ಯತಂತ್ರವನ್ನು ಪ್ರಕಟಿಸಿತು. ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗಡೆ ಸಾವು ತಡೆಯುವ ದಿನವೆಂದು ಗೊತ್ತುಮಾಡಿದೆ. ಆ ದಿನದ ಹೊತ್ತಿಗೆ ನಮ್ಮ ಕಾಲುವೆಗಳಿಗೆ ನೀರು ಬಿಡುವ ಸಮಯ ಆಗಿರುತ್ತದೆ.

ಈ ಸೀಮೆಯ ಮಕ್ಕಳಿಗೆ ನೀರಿನ ಧೈರ್ಯ ಹೊರಗಿನವರು ಬಂದು ತುಂಬಬೇಕಾಗಿಲ್ಲ. 2019ರ ಆಗಸ್ಟ್‌ನ ಪ್ರವಾಹದಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯಕುಂಪಿಯಲ್ಲಿ ಸೇತುವೆಯ ಮೇಲೆ ಕೃಷ್ಣೆ ಹರಿಯುತ್ತಿದ್ದಾಗ 12 ವರ್ಷದ ಹುಡುಗನೊಬ್ಬ ಎದೆಮಟ್ಟದ ನೀರಿನಲ್ಲಿ ಮುಂದೆ ಮುಂದೆ ಓಡಿ ಆಂಬುಲೆನ್ಸ್‌ಗೆ ದಾರಿ ತೋರಿಸಿದ. ರಸ್ತೆಯ ಅಂಚು ಎಲ್ಲಿದೆ ಎಂದು ಚಾಲಕನಿಗೆ ತಿಳಿಯದ ಕಡೆ ಆ ಹುಡುಗನ ಕಾಲಿಗೆ ಗೊತ್ತಿತ್ತು. ಜಿಲ್ಲಾಡಳಿತ ಸ್ವಾತಂತ್ರ್ಯ ದಿನದಂದು ಅವನನ್ನು ಗೌರವಿಸಿತು, ಮುಂದೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು. ಆ ಪ್ರಶಸ್ತಿ ಬಂದ ತಾಲ್ಲೂಕಿನಲ್ಲಿ ಹಳ್ಳಿ ಹಳ್ಳಿಯ ಮಕ್ಕಳಿಗೂ ಕ್ರಮವಾಗಿ ಈಜು ಕಲಿಸುವ ವ್ಯವಸ್ಥೆ ಆಗಿದ್ದರೆ ಅದೇ ನಿಜವಾದ ಗೌರವವಾಗುತ್ತಿತ್ತು.

ನೀರಾಟ ಶ್ರೀಮಂತರ ಚಟ, ಬಡವರಿಗೆ ಕುಡಿಯುವ ನೀರು ಸಿಕ್ಕರೆ ಸಾಕು ಎನ್ನುವವರಿದ್ದಾರೆ. ಈ ಮಾತಿಗೆ ಹಳೆಯ ಬೇರಿದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಕ್ರೀಡೆಗಳ ನಡುವೆ ಜಲಕ್ರೀಡೆಗೂ ಜಾಗವಿದೆ. ಕನ್ನಡದ ಚಂಪೂ ಕವಿಗಳ ಅಷ್ಟಾದಶ ವರ್ಣನೆಗಳಲ್ಲಿ ಜಲಕೇಳಿಯೂ ಒಂದು. ಗ್ರಂಥಗಳಲ್ಲಿ ನೀರಿಗಿಳಿದವರು ಅರಸರು, ಅರಸಿಯರು. ಬಾವಿಯಲ್ಲಿ ಈಸಿದ ಒಕ್ಕಲು ಮಕ್ಕಳು, ಹೊಳೆಯಲ್ಲಿ ಎಮ್ಮೆ ಮೈ ತೊಳೆಯುತ್ತಾ ಆಡಿದ ದನಗಾಹಿಗಳು ವರ್ಣನೆಗೆ ಸಿಗಲಿಲ್ಲ. ಅವರ ಆಟ ನಡೆದೇ ಇತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ತುಂಗಭದ್ರೆಯಲ್ಲಿ ಬುಟ್ಟಿಯಂತೆ ದುಂಡಗಿದ್ದ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬರೆದಿಟ್ಟ. ಅದೇ ಹರಿಗೋಲು ಇಂದಿಗೂ ಇದೆ. ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಚೀಲವೂ ಡಾಂಬರೂ ಫೈಬರೂ ಬಂದಿವೆ. ಅದನ್ನು ಹುಟ್ಟು ಹಾಕಿ ತಿರುಗಿಸುವ ವಿದ್ಯೆ ಬಲ್ಲವರು ಅಂಬಿಗರ ಮನೆಗಳಲ್ಲಿ ಇನ್ನೂ ಉಳಿದಿದ್ದಾರೆ. ಸೇತುವೆಗಳಾದ ಮೇಲೆ ಅವರ ಸಂಪಾದನೆ ಕುಗ್ಗಿತು. ಊರಿನ ಮಕ್ಕಳಿಗೆ ನೀರು ಕಲಿಸಲು ಅವರಿಗಿಂತ ಒಳ್ಳೆಯ ಗುರುಗಳು ಯಾವ ಕ್ರೀಡಾ ಇಲಾಖೆಯಲ್ಲೂ ಸಿಗಲಾರರು. ತಿಂಗಳಿಗೊಂದು ಗೌರವಧನ, ಪ್ರಥಮ ಚಿಕಿತ್ಸೆಯ ತರಬೇತಿ, ಒಂದು ಸೀಟಿ, ಒಂದು ಗುರುತಿನ ಚೀಟಿ ಇಷ್ಟು ಕೊಟ್ಟರೆ ಆ ವಿದ್ಯೆ ಮುಂದಿನ ತಲೆಮಾರಿಗೆ ಉಳಿಯುತ್ತದೆ.

ಹಾಗಾದರೆ ಹಣ ಎಲ್ಲಿದೆ? ಇದೆ, ಬೇಕಾದಷ್ಟಿದೆ. ಸಂವಿಧಾನದ 371(ಜೆ) ವಿಧಿಯ ಬಲದಿಂದ ನಡೆಯುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ರಾಜ್ಯ ಸರ್ಕಾರ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ, ಮಾನ್ವಿ ಎರಡೂ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆಗೆ ಮೊದಲ ಹಕ್ಕು ಎಂಬುದರಲ್ಲಿ ಎರಡು ಮಾತಿಲ್ಲ. ತೊಡಕು ಇರುವುದು ಮೊತ್ತದ ಗಾತ್ರದಲ್ಲಿ. ದೊಡ್ಡ ಹಣ ದೊಡ್ಡ ಕಾಮಗಾರಿಯನ್ನೇ ಹುಡುಕುತ್ತದೆ. ಕೆರೆ ಎಂದ ಕೂಡಲೇ ಅಂದಾಜುಪಟ್ಟಿಯಲ್ಲಿ ಕಾಣುವುದು ನಡಿಗೆ ಪಥ, ಕಾರಂಜಿ, ದೀಪಾಲಂಕಾರ, ಪೆಡಲ್ ದೋಣಿ. ಉದ್ಘಾಟನೆಯ ಫಲಕ ಗಟ್ಟಿಯಾಗಿರುತ್ತದೆ. ದೋಣಿಯ ಪೆಡಲ್ ಮುರಿದರೆ ಸರಿಪಡಿಸಲು ಸಾವಿರ ರೂಪಾಯಿ ಕೊಡುವ ಲೆಕ್ಕಶೀರ್ಷಿಕೆ ಮಾತ್ರ ಇರುವುದಿಲ್ಲ. ಕಟ್ಟುವುದಕ್ಕೆ ಹಣವಿದ್ದು ನೋಡಿಕೊಳ್ಳುವುದಕ್ಕೆ ಇಲ್ಲದಿದ್ದಾಗ ಎರಡನೇ ವರ್ಷ ಗೇಟಿಗೆ ಬೀಗ ಬೀಳುತ್ತದೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣದ ಕಥೆಯೂ ಹೀಗೆಯೇ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರ ದಾಟಿದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಬಳಸಬೇಕು. ಗ್ರಾಮೀಣ ಕ್ರೀಡೆಗಳ ತರಬೇತಿ ಆ ಕಾಯ್ದೆಯ ಏಳನೇ ಅನುಸೂಚಿಯಲ್ಲೇ ಇದೆ. ಚಿನ್ನದ ಗಣಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ಔಷಧ ಕಾರ್ಖಾನೆ, ಹತ್ತಿ ಮತ್ತು ಅಕ್ಕಿ ಗಿರಣಿಗಳಿರುವ ಜಿಲ್ಲೆಯಿದು. ಆದರೆ 2021ರ ಏಪ್ರಿಲ್‌ನಿಂದ ಇಂಥ ನೆರವು ಪಡೆಯುವ ಸಂಸ್ಥೆ ಸಿಎಸ್‌ಆರ್–1 ನಮೂನೆಯಲ್ಲಿ ನೋಂದಾಯಿಸಿಕೊಳ್ಳಬೇಕು; ಅದಕ್ಕೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ಲೆಕ್ಕಪರಿಶೋಧನೆ ಎಲ್ಲವೂ ಬೇಕು. ದುರುಪಯೋಗ ತಡೆಯಲು ಈ ನಿಯಮ ಸರಿಯೇ. ಚೀಕಲಪರ್ವಿಯಂಥ ಊರಿನ ಯುವಕ ಸಂಘ ಒಂದು ಲಕ್ಷ ರೂಪಾಯಿಗಾಗಿ ಇಷ್ಟನ್ನೂ ಹೊಂದಿಸಲಾರದು. ನಡುವೆ ಒಂದು ಸಂಸ್ಥೆ ನಿಂತು ದೊಡ್ಡ ಹಣವನ್ನು ಲೆಕ್ಕಸಮೇತ ಪಡೆದು ಸಣ್ಣ ಸಣ್ಣ ಪಾಲು ಮಾಡಿ ಹಂಚಬೇಕು. ಜಾಗತಿಕ ಪರಿಸರ ನಿಧಿ 1992ರಿಂದ ನಡೆಸುತ್ತಿರುವ ಸಣ್ಣ ಅನುದಾನ ಕಾರ್ಯಕ್ರಮ ಇದನ್ನೇ ಮಾಡುತ್ತದೆ. ಬೆಂಗಳೂರಿನಲ್ಲಿ ರೋಹಿಣಿ ನಿಲೇಕಣಿ ಸ್ಥಾಪಿಸಿದ ಅರ್ಘ್ಯಂ ಕುಡಿಯುವ ನೀರು ಮತ್ತು ನೈರ್ಮಲ್ಯದ ಕೆಲಸಗಳಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ನೆರವಾಗುತ್ತಾ ಬಂದಿದೆ. ನೀರಾಟಕ್ಕೂ ಅಂಥದೊಂದು ಮಧ್ಯಸ್ಥ ಸಂಸ್ಥೆ ರಾಯಚೂರಿನಲ್ಲೇ ಹುಟ್ಟಬಹುದು.

ಕರ್ನಾಟಕಕ್ಕೆ ಈ ದಾರಿ ಹೊಸದಲ್ಲ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಜಲಸಂವರ್ಧನೆ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘಗಳು ರಚನೆಯಾದವು, ರಾಯಚೂರೂ ಆ ಯೋಜನೆಯ ಜಿಲ್ಲೆಗಳಲ್ಲಿತ್ತು. ವೆಚ್ಚದ ಒಂದು ಪಾಲನ್ನು ಊರವರೇ ಹಾಕಬೇಕೆಂಬ ಷರತ್ತು ಅಲ್ಲಿತ್ತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ 2016ರಿಂದ ನಡೆದಿದೆ. ಊರಿನಲ್ಲಿ ಕೆರೆ ಸಮಿತಿಯಾಗುತ್ತದೆ, ಹಿಟಾಚಿ ಯಂತ್ರದ ಖರ್ಚನ್ನು ಯೋಜನೆ ನೋಡಿಕೊಳ್ಳುತ್ತದೆ, ಹೂಳನ್ನು ರೈತರು ತಮ್ಮ ಟ್ರ್ಯಾಕ್ಟರಿನಲ್ಲೇ ಹೊಲಕ್ಕೆ ಒಯ್ಯುತ್ತಾರೆ. ನೆರೆಯ ಕೊಪ್ಪಳದಲ್ಲಿ ಗವಿಮಠದ ಗವಿಸಿದ್ಧೇಶ್ವರ ಸ್ವಾಮಿಗಳು 2019ರಲ್ಲಿ ಹಿರೇಹಳ್ಳಕ್ಕೆ ಇಳಿದರು. 20ಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಹಳ್ಳ ಜನರ ಸಹಭಾಗಿತ್ವದಿಂದ ಹಸನಾಯಿತು. ಅದೇ ಮಠದ ಜಾತ್ರೆಯಲ್ಲಿ ಕೆರೆಯ ತೆಪ್ಪೋತ್ಸವ ನೋಡಲು ಸೇರುವ ಜನಸಾಗರ ಕಂಡವರಿಗೆ, ಊರು ನೀರಿನ ಸುತ್ತ ನಲಿಯುವುದನ್ನು ಮರೆತಿಲ್ಲ ಎಂಬುದು ಗೊತ್ತು. ಶರಾವತಿ ಹಿನ್ನೀರಿನ ಹೊನ್ನೆಮರಡುವಿನಲ್ಲಿ ಲಾಭದ ಆಸೆಯಿಲ್ಲದೆ ದಶಕಗಳಿಂದ ನಡೆದಿರುವ ಸಾಹಸ ಶಿಬಿರ, ಲೈಫ್ ಜಾಕೆಟ್ ತೊಟ್ಟ ಮಗು ಮೊದಲು ತೇಲುವುದನ್ನು, ಆಮೇಲೆ ಹುಟ್ಟು ಹಾಕುವುದನ್ನು ಕಲಿಯುವ ಕ್ರಮವನ್ನು ರಾಜ್ಯಕ್ಕೆ ತೋರಿಸಿದೆ.

ಈ ಕೆರೆ ಕೆಲಸಗಳಲ್ಲೆಲ್ಲ ಒಂದು ಕೊರತೆಯಿದೆ. ಕೆರೆಗೆ ನೀರು ತುಂಬಿದ ಮೇಲೆ ಮಕ್ಕಳು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಕೆರೆ ಯೋಜನೆಗಳು ಕೇಳಿಕೊಂಡಿಲ್ಲ. ಹೂಳೆತ್ತುವಾಗ ದಂಡೆಯಿಂದ ನೇರವಾಗಿ ಕಡಿದು ಆಳ ಮಾಡಿದರೆ, ಹಿಂದೆ ಮೆಲ್ಲಗೆ ಇಳಿಯುತ್ತಿದ್ದ ಕೆರೆ ಒಂದೇ ಹೆಜ್ಜೆಗೆ ಮುಳುಗಿಸುವ ಕೆರೆಯಾಗುತ್ತದೆ. ಯಂತ್ರದ ಚಾಲಕನಿಗೆ ಒಂದು ಮೂಲೆಯನ್ನು ಇಳಿಜಾರಾಗಿ ಬಿಡು ಎಂದು ಹೇಳುವುದಕ್ಕೆ ಖರ್ಚೇ ಇಲ್ಲ.

ಬಾಂಗ್ಲಾದೇಶ ಈ ಪ್ರಶ್ನೆಯನ್ನು ಕೇಳಿಕೊಂಡಿತು. ಅಲ್ಲಿ ಮನೆಗೊಂದು ಕೊಳ, ಮುಳುಗಿ ಸಾಯುವ ಮಕ್ಕಳೂ ಹೆಚ್ಚು. ಢಾಕಾದ ಗಾಯ ತಡೆ ಸಂಶೋಧನಾ ಕೇಂದ್ರ ಈ ಶತಮಾನದ ಮೊದಲ ದಶಕದಲ್ಲಿ ‘ಸ್ವಿಮ್‌ಸೇಫ್’ ಎಂಬ ಕಾರ್ಯಕ್ರಮ ಶುರುಮಾಡಿತು. ಹಳ್ಳಿಯ ಕೊಳದಲ್ಲೇ ಬಿದಿರಿನ ಚೌಕಟ್ಟು, ತಳದಲ್ಲೂ ಬಿದಿರಿನ ಹಾಸು. ಮಗುವಿನ ಕಾಲಿಗೆ ನೆಲ ಸಿಗುತ್ತದೆ. ಕಲಿಸುವವರು ಅದೇ ಊರಿನ ಯುವಕ ಯುವತಿಯರು. 25 ಮೀಟರ್ ಈಜಬೇಕು, 30 ಸೆಕೆಂಡ್ ತೇಲಬೇಕು, ಮುಳುಗುತ್ತಿರುವವನಿಗೆ ತಾನು ನೀರಿಗೆ ಹಾರದೆ ದಂಡೆಯಿಂದಲೇ ಕೋಲು ಚಾಚಬೇಕು. ಈ ಮೂರು ಬಂದರೆ ಮಗು ತೇರ್ಗಡೆ. ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಸಂಭವ ಶೇ 90ಕ್ಕೂ ಹೆಚ್ಚು ಇಳಿದದ್ದನ್ನು 2012ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಹತ್ತು ವರ್ಷದ ಮೇಲೆ, 2022ರಲ್ಲಿ ಅಲ್ಲಿನ ಸರ್ಕಾರವೇ 16 ಜಿಲ್ಲೆಗಳಲ್ಲಿ 3.6 ಲಕ್ಷ ಮಕ್ಕಳಿಗೆ ಈಜು ಕಲಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬಿದಿರು, ಹಗ್ಗ ಮತ್ತು ಊರಿನ ಒಬ್ಬ ಕಲಿಸುವವರಿಂದ ಶುರುವಾದದ್ದು ಅಲ್ಲಿಯವರೆಗೆ ಹೋಯಿತು. ಮುಳುಗುತ್ತಿರುವವನನ್ನು ಉಳಿಸಲು ಹಾರಿದ ಗೆಳೆಯನೂ ಜೊತೆಗೆ ಮುಳುಗಿದ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಪ್ರತಿ ಬೇಸಿಗೆ ಓದುತ್ತೇವೆ. ಆ ಮೂರನೇ ಪಾಠವೊಂದನ್ನೇ ಶಾಲೆಯ ಅಂಗಳದಲ್ಲಿ, ನೀರೇ ಇಲ್ಲದೆ, ಕಲಿಸಬಹುದು.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಆಡಬೇಕು. ಬಟ್ಟೆ ಒಗೆಯಲು, ನೀರು ತರಲು ಕಾಲುವೆಯ ದಂಡೆಗೆ ಹೆಚ್ಚು ಸಲ ಹೋಗುವವರು ಅವರು. ಬಾವಿಯಲ್ಲಿ ಈಸಲು ಕಲಿಸಿದ್ದು ಮಾತ್ರ ಗಂಡುಹುಡುಗರಿಗೆ. ಜಾಂಜಿಬಾರ್ ದ್ವೀಪದ ಪಾಂಜೆ ಯೋಜನೆ ಮೈತುಂಬ ಮುಚ್ಚುವ ಈಜುಡುಗೆ ಹೊಲಿಸಿ, ಹೆಂಗಸರನ್ನೇ ಶಿಕ್ಷಕಿಯರನ್ನಾಗಿ ಮಾಡಿ, ಮುಸ್ಲಿಂ ಕುಟುಂಬಗಳ ಹುಡುಗಿಯರನ್ನು ಸಮುದ್ರಕ್ಕಿಳಿಸಿತು. ರಾಯಚೂರಿನ ಓಣಿಗಳಲ್ಲೂ ಮಾನ್ವಿಯ ಓಣಿಗಳಲ್ಲೂ ಇದು ಆಗದ ಕೆಲಸವೇನಲ್ಲ. ವಾರದಲ್ಲಿ ಎರಡು ಹೊತ್ತು ಬಾವಿ ಹೆಣ್ಣುಮಕ್ಕಳಿಗೆ ಮಾತ್ರ ಎಂದು ಗೊತ್ತುಮಾಡಬೇಕು, ಸುತ್ತ ಒಂದು ತಟ್ಟಿ ಕಟ್ಟಬೇಕು, ಸ್ವಸಹಾಯ ಸಂಘದ ಇಬ್ಬರು ಹೆಂಗಸರಿಗೆ ತರಬೇತಿ ಕೊಡಬೇಕು.

ಜಾತಿಯ ಪ್ರಶ್ನೆಯನ್ನು ಬದಿಗಿಟ್ಟು ಬಾವಿಯ ಮಾತಾಡಲು ಬರುವುದಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾಡದ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದದ್ದು ಕುಡಿಯುವ ಹಕ್ಕಿಗಾಗಿ. ನೀರಲ್ಲಿ ಆಡುವ ಹಕ್ಕು ಅದರ ಮುಂದಿನ ಹೆಜ್ಜೆ. ದೇವಸ್ಥಾನದ ಪುಷ್ಕರಣಿಗೆ ದಲಿತ ಕೇರಿಯ ಮಗು ಇಳಿಯಬಾರದು ಎನ್ನುವ ಊರಿಗೆ ದತ್ತಿಯ ಒಂದು ರೂಪಾಯಿಯೂ ಹೋಗಬಾರದು. ಇದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆದು, ಸಮಿತಿಯಲ್ಲಿ ಎಲ್ಲ ಕೇರಿಯವರ ಸಹಿ ಪಡೆಯಬೇಕು.

ನೀರು ಶುದ್ಧವಿರಬೇಕು ಎಂಬುದನ್ನು ರಾಯಚೂರು ನಗರಕ್ಕೆ ಯಾರೂ ಹೇಳಬೇಕಿಲ್ಲ. 2022ರ ಬೇಸಿಗೆಯಲ್ಲಿ ನಲ್ಲಿಯಲ್ಲಿ ಬಂದ ಕಲುಷಿತ ನೀರು ಜೀವಗಳನ್ನು ತೆಗೆದದ್ದನ್ನು ಈ ನಗರ ಮರೆತಿಲ್ಲ. ಕೇರಳದಲ್ಲಿ 2024–25ರಲ್ಲಿ ನಿಂತ ಬೆಚ್ಚಗಿನ ನೀರಿನ ಅಮೀಬಾ ಮೂಗಿನ ಮೂಲಕ ಮಿದುಳಿಗೇರಿ ಸಾವುಗಳಾದವು. ಇಲ್ಲಿಯ ಬಿಸಿಲಿಗೆ ನಿಂತ ನೀರು ಬೇಗ ಕಾಯುತ್ತದೆ. ಆದ್ದರಿಂದ ಬ್ಲೀಚಿಂಗ್ ಪೌಡರ್, ಕ್ಲೋರಿನ್ ಅಳೆಯುವ ಸಣ್ಣ ಕಿಟ್, ಬೇಸಿಗೆಯಲ್ಲಿ ಒಮ್ಮೆ ಪೂರ್ತಿ ನೀರು ಹೊರಹಾಕಿ ತಳ ತೊಳೆಯುವ ಕೂಲಿ, ಇವು ಅನುದಾನದಲ್ಲಿ ಅಡಕವಾಗಿರಬೇಕು. ಚರಂಡಿ ಸೇರುವ ಕೆರೆಯಲ್ಲಿ ಈಜು ಬೇಡ. ರಾಯಚೂರು ಕೋಟೆಯ ಮಗ್ಗುಲಿನ ಮಾವಿನ ಕೆರೆಯಲ್ಲಿ, ಹಳಬರ ಬಾಯಲ್ಲಿ ಅದು ಆಮ್ ತಲಾಬ್, ಮೊದಲು ಕೊಳಚೆ ನಿಲ್ಲಬೇಕು. ಆ ಕೆಲಸ ಸಣ್ಣ ಅನುದಾನದ್ದಲ್ಲ, ನಗರಾಡಳಿತದ್ದು.

ಸಣ್ಣ ಅನುದಾನಕ್ಕೆ ತಕ್ಕ ಜಾಗ ಅದೇ ನಗರದ ಖಾಸ್ ಬಾವಿ. ಕಸ ತುಂಬಿದ್ದ ಆ ದೊಡ್ಡ ಹಳೆಯ ಬಾವಿಯನ್ನು ಕಳೆದ ದಶಕದಲ್ಲಿ ಜಿಲ್ಲಾಡಳಿತ ಮತ್ತು ನಗರದ ಸ್ವಯಂಸೇವಕರು ಕೂಡಿ ಶ್ರಮದಾನದಿಂದ ಹಸನುಮಾಡಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೀದರಿನಲ್ಲಿ ಹಳೆಯ ತೆರೆದ ಬಾವಿಗಳೂ ನೀರು ಹರಿಸುವ ಕರೇಜ್ ಸುರಂಗವೂ, ವಿಜಯಪುರದಲ್ಲಿ ತಾಜ್ ಬಾವಡಿಯೂ ಬೆಳಕು ಕಂಡವು. ಶ್ರಮದಾನದ ಉಮೇದು ಒಂದು ಋತುವಿನದು. ಅದರ ಬೆನ್ನಿಗೆ ದಿನಾಲೂ ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ನಿಲ್ಲುವ ಒಬ್ಬ ಕಾವಲುಗಾರ ಈಜು ಶಿಕ್ಷಕ ಬೇಕು. ದೇವದುರ್ಗ ತಾಲ್ಲೂಕಿನಲ್ಲಿ ಗಬ್ಬೂರು ಇದೆ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು, ಶಾಸನಗಳು, ಹಳೆಯ ಬಾವಿಗಳ ಊರು. ಪುರಾತತ್ವ ಇಲಾಖೆಯ ಒಪ್ಪಿಗೆ ಸಿಗುವ, ಪೂಜೆಗೆ ಬಳಕೆಯಾಗದ ಒಂದು ಬಾವಿಯನ್ನು ಅಲ್ಲಿ ಆರಿಸಿಕೊಳ್ಳಬಹುದು; ಕಲ್ಲಿಗೆ ಮೊಳೆ ಹೊಡೆಯದೆ, ಮೇಲಿನಿಂದ ಇಳಿಬಿಟ್ಟ ಹಗ್ಗ ಮತ್ತು ತೇಲುವ ಬಿದಿರಿನ ಹಾಸಿನಿಂದಲೇ ಕೆಲಸ ಸಾಗುತ್ತದೆ. ಮಾನ್ವಿಗೆ ಬೇಕಾದದ್ದು ಕಾಲುವೆಯ ಘಟ್ಟಗಳು. ಹೆಂಗಸರು ಬಟ್ಟೆ ಒಗೆಯುವ, ಮಕ್ಕಳು ಹಾರುವ ಜಾಗಗಳು ಊರೂರಿಗೆ ಗೊತ್ತಿರುವಂಥವೇ. ಅಲ್ಲಿ ಒರಟು ಮೆಟ್ಟಿಲು, ಎರಡೂ ದಂಡೆಗೆ ಕಟ್ಟಿದ ತೇಲು ಡಬ್ಬಿಗಳ ಅಡ್ಡ ಹಗ್ಗ, ಕೆಳಗೆ ಇನ್ನೂರು ಹೆಜ್ಜೆ ದೂರದಲ್ಲಿ ಹಿಡಿದು ಹತ್ತಲು ಒಂದು ಸರಪಳಿ ಇರಬೇಕು. ನೀರಾವರಿ ನಿಗಮದ ಅನುಮತಿ ಪಡೆಯುವ ಕಾಗದದ ಕೆಲಸವನ್ನು ಮಧ್ಯಸ್ಥ ಸಂಸ್ಥೆಯೇ ಮಾಡಿಕೊಡಬೇಕು.

ಲೆಕ್ಕ ಹೀಗೆ ಕೂಡುತ್ತದೆ. ಒಂದು ಊರಿಗೆ 10 ಲಕ್ಷ ರೂಪಾಯಿಯ ಇಡುಗಂಟು ಇಟ್ಟು ಶೇ 7ರ ಬಡ್ಡಿ ಎಂದು ಹಿಡಿದರೆ ವರ್ಷಕ್ಕೆ 70,000 ರೂಪಾಯಿ. ತಿಂಗಳಿಗೆ 5,000ದಂತೆ ಎಂಟು ತಿಂಗಳು ಶಿಕ್ಷಕರ ಗೌರವಧನಕ್ಕೆ 40,000. ಉಳಿದ 30,000ದಲ್ಲಿ ಹಗ್ಗ, ಜಾಕೆಟ್, ಬ್ಲೀಚಿಂಗ್ ಪೌಡರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಮಕ್ಕಳ ವಿಮೆ. ಮೊದಲ ವರ್ಷದ ಮೆಟ್ಟಿಲು, ತಟ್ಟಿ, ಬಿದಿರಿಗೆ ಬೇರೆಯಾಗಿ ಒಂದೂವರೆ ಎರಡು ಲಕ್ಷ ಬೇಕಾದೀತು. ಹೂಳೆತ್ತುವ ಕೂಲಿಯನ್ನು ಉದ್ಯೋಗ ಖಾತ್ರಿಯಲ್ಲಿ ಪಂಚಾಯಿತಿ ಹಾಕಿಕೊಳ್ಳಬಹುದು. ಇಡುಗಂಟಿನಲ್ಲಿ ಹತ್ತರಲ್ಲಿ ಒಂದು ಪಾಲು ಊರವರದೇ ಆಗಿರಲಿ. ದುಬೈಗೆ, ಬೆಂಗಳೂರಿಗೆ, ಹೈದರಾಬಾದಿಗೆ ಹೋದ ಊರಿನ ಮಕ್ಕಳು ಅದನ್ನು ತುಂಬಲು ಹಿಂಜರಿಯುವುದಿಲ್ಲ. ಅರ್ಜಿ ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ ಇರಲಿ. ಖರ್ಚಿನ ಪಟ್ಟಿಯನ್ನು ಪ್ರತಿ ಮೂರು ತಿಂಗಳಿಗೆ ಶಾಲೆಯ ಗೋಡೆಗೆ ಅಂಟಿಸಲಿ, ಗ್ರಾಮಸಭೆಯಲ್ಲಿ ಓದಿ ಹೇಳಲಿ. ಈಜು ಕಲಿತ ಮಕ್ಕಳ ಹೆಸರಿನ ಪುಸ್ತಕವೇ ಕೆಲಸದ ಸಾಕ್ಷಿಯಾಗಲಿ.

ದಿನಮಾನವನ್ನೂ ಕಾಲುವೆಯೇ ಗೊತ್ತುಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಾಲುವೆ ಒಣಗಿರುತ್ತದೆ. ಮೆಟ್ಟಿಲು ಕಟ್ಟಲು, ಸರಪಳಿ ಹೂಡಲು ಅದೇ ಹೊತ್ತು. ಶಾಲೆಗೆ ರಜೆ ಇರುವುದರಿಂದ ಬಾವಿಯ ತರಗತಿಗಳೂ ಆಗಲೇ ನಡೆಯಬೇಕು. ಹಾಗಾಗಬೇಕಾದರೆ ಅರ್ಜಿ ಕರೆಯುವುದು ನವೆಂಬರ್‌ನಲ್ಲಿ, ಊರು ಆರಿಸುವುದು ಜನವರಿಯಲ್ಲಿ, ಶಿಕ್ಷಕರ ತರಬೇತಿ ಮಾರ್ಚ್ ಒಳಗೆ ಮುಗಿಯಬೇಕು. ಮಾರ್ಚ್ 31ಕ್ಕೆ ಹಣ ಬಿಡುಗಡೆ ಮಾಡುವ ಸರ್ಕಾರಿ ಅಭ್ಯಾಸ ಇಲ್ಲಿ ನಡೆಯದು. ಜುಲೈನಲ್ಲಿ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಮಾನ್ವಿಯ ಕಡೆಯ ಕೊನೆ ಭಾಗದ ಊರುಗಳಿಗೆ ಅದು ತಲುಪಲು ಇನ್ನಷ್ಟು ದಿನ ಹಿಡಿಯುತ್ತದೆ. ಮೊದಲ ತಂಡದ ಮಕ್ಕಳ ಪರೀಕ್ಷೆ ಮುಗಿಸಲು ಆ ದಿನಗಳು ಸಾಕು.